ಹತ್ತು ಸಾವಿರ ಪದಗಳ ಪರೀಕ್ಷೆ: ನೈರೋಬಿಯ ಕನ್ನಡ ಮನೆಯಲ್ಲಿ ಜಪಾನಿ ಪಾಠ

ನೈರೋಬಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಬೆಳಗ್ಗೆದ್ದು ಒಂದು ಜಪಾನಿ ಮಾತು ಉಚಿತ. ಕೀಲಿ ತಿರುಗಿಸಿದೊಡನೆ ಡ್ಯಾಶ್‌ಬೋರ್ಡ್ ಒಳಗಿಂದ ಒಂದು ಹೆಣ್ಣುದನಿ ಬಹಳ ಮರ್ಯಾದೆಯಿಂದ ಹೇಳುತ್ತದೆ: 'ಕಾಡೊ ಗ ಸೋನ್ಯೂ ಸರೆತೆ ಇಮಸೆನ್.' ಕಾರ್ಡ್ ಒಳಗೆ ಹಾಕಿಲ್ಲ ಎಂದು ಅದರ ಅರ್ಥ. ಜಪಾನಿನ ಹೆದ್ದಾರಿಗಳಲ್ಲಿ ಟೋಲ್ ಕಟ್ಟಲು ಬಳಸುವ ಕಾರ್ಡ್ ಅದು. ಕೆನ್ಯಾದಲ್ಲಿ ಆ ಕಾರ್ಡ್‌ಗೆ ಕೆಲಸವಿಲ್ಲ. ಆದರೂ ಮೆಕ್ಯಾನಿಕ್ ವೈರ್ ಕಿತ್ತುಹಾಕುವವರೆಗೆ ಆ ದನಿ ದಿನವೂ ಜ್ಞಾಪಿಸುತ್ತಲೇ ಇರುತ್ತದೆ.

ನಮ್ಮೂರಿನಂತೆ ಇಲ್ಲೂ ಗಾಡಿಗಳು ಎಡಗಡೆಯೇ ಓಡುತ್ತವೆ, ಜಪಾನಿನಲ್ಲೂ ಹಾಗೆಯೇ. ಹಾಗಾಗಿ ಮೊಂಬಾಸಾ ಬಂದರಿಗೆ ಬಂದಿಳಿಯುವ ಹಳೆ ಕಾರುಗಳಲ್ಲಿ ಬಹುಪಾಲು ಜಪಾನಿನವು. ಅವುಗಳ ಜೊತೆ ಬರುವ ಹರಾಜು ಚೀಟಿಯೂ ಜಪಾನಿಯಲ್ಲೇ ಇರುತ್ತದೆ. ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎನ್ನುವುದಕ್ಕೆ 'ಸೋಕೋ ಕ್ಯೊರಿ', ಗುದ್ದಿಸಿಕೊಂಡು ರಿಪೇರಿಯಾಗಿದೆಯೇ ಎನ್ನುವುದಕ್ಕೆ 'ಶೂಫುಕುರೆಕಿ'. ಈ ಎರಡು ಪದ ಓದಲು ಬಂದರೆ ಕಾರು ಕೊಳ್ಳುವವರ ದುಡ್ಡು ಉಳಿಯುತ್ತದೆ.

ಸೋನ್ಯೂ, ಶೂಫುಕುರೆಕಿ ಇಂಥ ಪದಗಳು ಜಪಾನಿಗರು ಮನೆಯಲ್ಲಿ ಆಡುವ ಮಾತಲ್ಲ. ಪತ್ರಿಕೆ, ಕಚೇರಿ, ಕೋರ್ಟು, ಆಸ್ಪತ್ರೆಗಳ ಮಾತು. ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಯ ಮೇಲಿನ ಹಂತಗಳಿಗೆ ಕೂರುವವರು ಗುದ್ದಾಡಬೇಕಾದದ್ದು ಇವುಗಳ ಜೊತೆಗೇ. ಹಾಸನದ ಕಡೆಯಿಂದ ಬಂದು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮನೆ ಮಾಡಿರುವ ನಮಗೆ ಈ ಗುದ್ದಾಟದ ಪರಿಚಯ ಚೆನ್ನಾಗಿಯೇ ಆಗಿದೆ. ನಮ್ಮ ಮಗಳು ಎರಡನೇ ಹಂತ ದಾಟಿ, ಬರುವ ಡಿಸೆಂಬರ್‌ಗೆ ಕೊನೆಯ ಹಂತ ಬರೆಯುತ್ತಿದ್ದಾಳೆ.

ನೈರೋಬಿಗೂ ಜಪಾನಿಗೂ ಏನು ನಂಟು?

ಊರಿಗೆ ಫೋನ್ ಮಾಡಿದಾಗಲೆಲ್ಲ ನೆಂಟರು ಕೇಳುವ ಪ್ರಶ್ನೆ ಇದು. ಆಫ್ರಿಕಾದಲ್ಲಿ ಕೂತು ಜಪಾನಿ ಯಾಕೆ?

ನಂಟು ಹಳೆಯದು. ನೈರೋಬಿ ಹೊರವಲಯದ ಜೂಜಾದಲ್ಲಿರುವ ಜೋಮೋ ಕೆನ್ಯಾಟಾ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ 1981ರಲ್ಲಿ ಕಾಲೇಜಾಗಿ ಶುರುವಾದದ್ದು ಜಪಾನ್ ಸರ್ಕಾರದ ನೆರವಿನಿಂದ. ಸಫಾರಿಗೆ ಬರುವ ಜಪಾನಿ ಪ್ರವಾಸಿಗರಿಗೆ ಗೈಡ್‌ಗಳು ಬೇಕೆಂದು ಥಿಕಾ ರಸ್ತೆಯ ಉಟಾಲಿ ಕಾಲೇಜಿನಲ್ಲಿ ಜಪಾನಿ ಕಲಿಸುತ್ತಾ ಬಂದಿದ್ದಾರೆ. ಅಪ್ಪರ್ ಹಿಲ್‌ನ ಜಪಾನ್ ರಾಯಭಾರ ಕಚೇರಿಯಲ್ಲಿ ಮಾಹಿತಿ ಮತ್ತು ಸಂಸ್ಕೃತಿ ಕೇಂದ್ರವಿದೆ. ಆಫ್ರಿಕಾದ ಅಭಿವೃದ್ಧಿ ಕುರಿತು ಜಪಾನ್ ನಡೆಸುವ ಟಿಕಾಡ್ ಶೃಂಗಸಭೆ ಮೊದಲ ಬಾರಿಗೆ ಆಫ್ರಿಕಾದ ನೆಲದಲ್ಲಿ ನಡೆದದ್ದು ಇದೇ ನೈರೋಬಿಯಲ್ಲಿ, 2016ರ ಆಗಸ್ಟ್‌ನಲ್ಲಿ.

ಒಂದು ಜಪಾನಿ ಪದವನ್ನು ಜಗತ್ತಿಗೆಲ್ಲ ಹಂಚಿದವರೂ ಕೆನ್ಯಾದವರೇ. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವಂಗಾರಿ ಮಾಥಾಯ್ 2005ರಲ್ಲಿ ಜಪಾನಿಗೆ ಹೋದಾಗ 'ಮೊತ್ತೈನೈ' ಎಂಬ ಪದ ಕೇಳಿ ಮೆಚ್ಚಿಕೊಂಡರು. ಬಳಸಬಹುದಾದ ವಸ್ತು ವ್ಯರ್ಥವಾದಾಗ ಹೊರಡುವ ಮಾತು ಅದು. ತಟ್ಟೆಯಲ್ಲಿ ಅನ್ನ ಬಿಟ್ಟರೆ ನಮ್ಮ ಅಜ್ಜಿಯರು 'ಅನ್ನ ಹಾಳು ಮಾಡಬಾರದು ಕಣೋ' ಎನ್ನುತ್ತಾರಲ್ಲ, ಅದೇ ಸಂಕಟ. ಮಾಥಾಯ್ ಆ ಪದವನ್ನು ವಿಶ್ವಸಂಸ್ಥೆಯ ಸಭೆಗೂ ಒಯ್ದರು.

ಇವೆಲ್ಲಕ್ಕಿಂತ ಹತ್ತಿರದ ಕಾರಣ ನಮ್ಮಂಥ ಮನೆಗಳ ಸ್ಥಿತಿ. ಅಪ್ಪನ ಕೆಲಸದ ಪರ್ಮಿಟ್ ನವೀಕರಣವಾಗುತ್ತಿರುವವರೆಗೆ ಇಲ್ಲಿ ಮನೆ. ಆಮೇಲೆ ಮಕ್ಕಳು ಎಲ್ಲಿ ಎನ್ನುವ ಪ್ರಶ್ನೆ ಪ್ರತಿ ಮನೆಯಲ್ಲೂ ಇದೆ. ಬೆಂಗಳೂರಿನಲ್ಲಿ ಅವರು ಹೊರಗಿನವರಂತೆ, ನೈರೋಬಿಯಲ್ಲಿ ವಿದೇಶಿಯರು. ಯಾವ ದೇಶಕ್ಕೆ ಹೋದರೂ ಜೊತೆಗೆ ಬರುವ ಒಂದು ವಿದ್ಯೆ ಕೈಯಲ್ಲಿರಲಿ ಎಂಬ ಆಸೆ ತಂದೆತಾಯಿಗೂ ಇದೆ, ಮಕ್ಕಳಿಗೂ ಇದೆ. ಟೊಯೋಟಾದಂಥ ಕಂಪನಿಗಳು ಬಿಡದಿಯಲ್ಲೂ ಇವೆ, ನೈರೋಬಿಯಲ್ಲೂ ಇವೆ ಎನ್ನುವುದು ನಮ್ಮ ಮಗಳ ಲೆಕ್ಕ.

ಪರೀಕ್ಷೆ ಹೇಗಿರುತ್ತದೆ?

ಜಪಾನ್ ಫೌಂಡೇಶನ್ ಮತ್ತು ಜಪಾನಿನ ಇನ್ನೊಂದು ಸಂಸ್ಥೆ ಸೇರಿ 1984ರಲ್ಲಿ ಶುರುಮಾಡಿದ ಪರೀಕ್ಷೆ ಇದು. ಮೊದಲ ವರ್ಷ ಬರೆದವರು ಸುಮಾರು 7 ಸಾವಿರ ಜನ. ಈಗ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುತ್ತಾರೆ. 2010ರಿಂದ ಐದು ಹಂತಗಳಿವೆ. ಎನ್5 ಕೆಳಗಿನದು, ಎನ್1 ತುದಿಯದು.

ಒಟ್ಟು ಅಂಕ 180. ಎನ್1 ಪಾಸಾಗಲು 100 ಬೇಕು, ಎನ್2ಕ್ಕೆ 90. ಅಷ್ಟೇ ಸಾಲದು. ಭಾಷಾಜ್ಞಾನ, ಓದು, ಆಲಿಸುವಿಕೆ ಈ ಮೂರು ವಿಭಾಗಗಳಲ್ಲೂ 60ಕ್ಕೆ ಕನಿಷ್ಠ 19 ಬರಬೇಕು. ಒಂದರಲ್ಲಿ 18 ಬಂದರೂ, ಉಳಿದವುಗಳಲ್ಲಿ ಎಷ್ಟೇ ಬರಲಿ, ಫೇಲು. ಎಲ್ಲವೂ ಸರಿಯುತ್ತರ ಗುರುತು ಮಾಡುವ ಪ್ರಶ್ನೆಗಳು. ಮಾತಾಡಿ ತೋರಿಸುವುದೂ ಇಲ್ಲ, ಪ್ರಬಂಧ ಬರೆಯುವುದೂ ಇಲ್ಲ.

ಕಷ್ಟವಿರುವುದು ಪದಸಂಪತ್ತಿನಲ್ಲಿ. 2010ಕ್ಕೆ ಮುಂಚಿನ ಪದ್ಧತಿಯಲ್ಲಿ ಯಾವ ಹಂತಕ್ಕೆ ಎಷ್ಟು ಪದ ಬೇಕೆಂದು ಹೇಳುತ್ತಿದ್ದರು. ಅತಿ ಕೆಳಗಿನ ಹಂತಕ್ಕೆ 800, ಮೇಲಿನಿಂದ ಎರಡನೆಯದಕ್ಕೆ 6 ಸಾವಿರ, ತುದಿಯದಕ್ಕೆ 10 ಸಾವಿರ ಪದ ಮತ್ತು 2 ಸಾವಿರ ಕಾಂಜಿ, ಅಂದರೆ ಚೀನಾ ಮೂಲದ ಚಿತ್ರಾಕ್ಷರ. ಈಗ ಅಧಿಕೃತ ಪಟ್ಟಿ ಕೊಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಪಟ್ಟಿಗಳೆಲ್ಲ ಪ್ರಕಾಶಕರ ಅಂದಾಜು. ಆದರೂ ಕಲಿಯುವವರು ಇಂದಿಗೂ ಹಳೆ ಲೆಕ್ಕವನ್ನೇ ಹಿಡಿಯುತ್ತಾರೆ. 6 ಸಾವಿರದಿಂದ 10 ಸಾವಿರಕ್ಕೆ ಏರಲು 4 ಸಾವಿರ ಪದ. ದಿನಕ್ಕೆ ಹತ್ತರಂತೆ, ಒಂದು ದಿನವೂ ತಪ್ಪದೆ, ಕಲಿತದ್ದನ್ನು ಮರೆಯದೆ ಹೋದರೆ 400 ದಿನ.

ಅಡುಗೆಮನೆ ಮಾತು, ಪತ್ರಿಕೆ ಮಾತು

ಈ 4 ಸಾವಿರ ಪದಗಳು ಯಾಕೆ ಬೇರೆ ಥರ ಎಂದು ತಿಳಿಯಲು ಕನ್ನಡದವರಿಗೆ ಕಷ್ಟವಿಲ್ಲ. ನಮ್ಮಲ್ಲಿ ನೀರು ಇದೆ, ಜಲ ಇದೆ. ನೀರು ಕುಡಿಯುತ್ತೇವೆ, ಆದರೆ ಜಲಾಶಯ, ಜಲವಿದ್ಯುತ್ ಎನ್ನುತ್ತೇವೆ. ಕಣ್ಣು ನೋಯುತ್ತದೆ, ಹೋಗುವುದು ನೇತ್ರಾಲಯಕ್ಕೆ. ಮನೆಮಾತು ಅಚ್ಚಗನ್ನಡದ್ದು, ಮೇಲಿನ ಪದರ ಸಂಸ್ಕೃತದಿಂದ ಬಂದದ್ದು.

ಜಪಾನಿಯದೂ ಇದೇ ಕತೆ. ಅಲ್ಲಿ ಮೇಲಿನ ಪದರ ಚೀನಾದಿಂದ ಬಂದದ್ದು. ಕುಡಿಯುವ ನೀರು 'ಮಿಜು', ಜಲವಿದ್ಯುತ್ತು ಮಾತ್ರ 'ಸುಯಿರ್ಯೊಕು ಹತ್ಸುದೆನ್'. ಕಣ್ಣು 'ಮೆ', ಆಸ್ಪತ್ರೆಯ ಕಣ್ಣಿನ ವಿಭಾಗ 'ಗಂಕ'. ಕೆಳಗಿನ ಹಂತಗಳಲ್ಲಿ ಮಿಜು, ಮೆ ಕಲಿತು ಖುಷಿಯಾಗಿದ್ದವರು ಎನ್2, ಎನ್1ಕ್ಕೆ ಬಂದಾಗ ಈ ಇನ್ನೊಂದು ಭಾಷೆಯೇ ಎದುರಾದಂತೆ ಬೆಚ್ಚುತ್ತಾರೆ.

ಆದರೆ ಈ ಪದಗಳು ಕುಟುಂಬ ಕುಟುಂಬವಾಗಿ ಬರುತ್ತವೆ. ಕಾರಿನ ದನಿ ಹೇಳುವ ಸೋನ್ಯೂದಲ್ಲಿ 'ನ್ಯೂ' ಎಂದರೆ ಒಳಹೋಗು. ಅದೇ ಅಕ್ಷರ ಆಮದಿನಲ್ಲಿದೆ: ಯುನ್ಯೂ. ಆದಾಯದಲ್ಲಿದೆ: ಶೂನ್ಯೂ. ಆಸ್ಪತ್ರೆಗೆ ಸೇರುವುದು ನ್ಯೂಯಿನ್, ಶಾಲೆಗೆ ಸೇರುವುದು ನ್ಯೂಗಕು. ಅಣೆಕಟ್ಟೆಗೆ ಬರುವ ನೀರು 'ರ್ಯೂನ್ಯೂ', ಅಂದರೆ ಹರಿವು ಮತ್ತು ಒಳ. ಕೆಆರ್‌ಎಸ್ ಸುದ್ದಿಯಲ್ಲಿ ನಮ್ಮ ಪತ್ರಿಕೆಗಳು ಬರೆಯುವ 'ಒಳಹರಿವು' ಇದೇ ತಾನೆ! ಹೊರಹರಿವಿಗೆ 'ರ್ಯೂಶುತ್ಸು'.

ದನಿ ಒಂದೇ ಇದ್ದು ಅಕ್ಷರ ಬೇರೆಯಾಗುವ ತೊಂದರೆಯೂ ಇದೆ. ಸೋನ್ಯೂದ 'ಸೋ' ಬೇರೆ, ಸೋಕೋದ 'ಸೋ' ಬೇರೆ. 'ಕಿಕನ್' ಎಂದರೆ ಅವಧಿಯೂ ಹೌದು, ಸಂಸ್ಥೆಯೂ ಹೌದು, ಮರಳಿ ಬರುವುದೂ ಹೌದು. ನಾವು 'ಹತ್ತು' ಎಂದಾಗ ಸಂಖ್ಯೆಯೋ ಮರ ಹತ್ತುವುದೋ ಎಂದು ಸಂದರ್ಭದಿಂದಲೇ ತಿಳಿಯುವ ಹಾಗೆ. ಅದಕ್ಕೇ ಒಂಟಿ ಪದಗಳ ಪಟ್ಟಿ ಉರುಹೊಡೆದರೆ ಪ್ರಯೋಜನ ಕಡಿಮೆ. ಪದವನ್ನು ವಾಕ್ಯದ ಜೊತೆಗೇ ಕಲಿಯಬೇಕು.

ಕನ್ನಡ ಕೈಹಿಡಿಯುವುದು ಎಲ್ಲಿ?

ಇಂಗ್ಲಿಷ್ ಮೂಲಕ ಜಪಾನಿ ಕಲಿಯುವವರು ವಾಕ್ಯವನ್ನು ತಲೆಕೆಳಗು ಮಾಡಿ ಯೋಚಿಸಬೇಕಾಗುತ್ತದೆ. ಕನ್ನಡದಲ್ಲಿ ಯೋಚಿಸುವವರಿಗೆ ಆ ಕಷ್ಟವಿಲ್ಲ. ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿ ಪದದ ಹಿಂದೆಯೇ ಅಂಟುತ್ತದೆ.

ಮನೆಯಿಂದ ಹೊರಡುವಾಗ ನಾವು 'ಹೋಗ್ತೀನಿ' ಎನ್ನುವುದಿಲ್ಲ, 'ಹೋಗಿ ಬರ್ತೀನಿ' ಎನ್ನುತ್ತೇವೆ. ಜಪಾನಿಗರೂ ಹಾಗೆಯೇ: 'ಇತ್ತೆ ಕಿಮಸು', ಹೋಗಿ ಬರುತ್ತೇನೆ. ಒಳಗಿದ್ದವರು 'ಇತ್ತೆ ರಸ್ಶೈ' ಎನ್ನುತ್ತಾರೆ, ಹೋಗಿ ಬಾ. 'ತಬೆತೆ ಮಿರು' ಎಂದರೆ ಅಕ್ಷರಶಃ ತಿಂದು ನೋಡು. 'ಕೈತೆ ಒಕು' ಎಂದರೆ ಬರೆದಿಡು. ಎದೆ ನಮಗೆ ಢವಢವ, ಅವರಿಗೆ ದೊಕಿದೊಕಿ. ಪಾತ್ರೆ ಫಳಫಳ, ಅವರದು ಪಿಕಪಿಕ. ಇಂಥ ಅನುಕರಣ ಪದಗಳು ಜಪಾನಿಯಲ್ಲಿ ರಾಶಿ ರಾಶಿ ಇವೆ, ಬೇರೆ ಕಡೆಯವರಿಗೆ ಇವು ತಲೆನೋವು. ಪಟಪಟ, ಗಡಗಡ, ಥಳಥಳ ಕೇಳಿ ಬೆಳೆದ ಮಗುವಿಗೆ ಆಟ.

ಬರೆಯುವುದಕ್ಕೂ ನಮ್ಮ ಲಿಪಿ ಒದಗುತ್ತದೆ. ಜಪಾನಿಯಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬದಲು. 'ಒಬಸನ್' ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸನ್' ಅಜ್ಜಿ. 'ಕೊಕೊ' ಎಂದರೆ ಇಲ್ಲಿ, 'ಕೋಕೋ' ಎಂದರೆ ಹೈಸ್ಕೂಲು. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆಚೀಟಿ. ಕೊಡು ಕೋಡು, ಕತೆ ಕತ್ತೆ ಬಲ್ಲವರಿಗೆ ಇದರಲ್ಲಿ ಹೊಸದೇನಿದೆ? ಕಾಂಜಿಯ ಪಕ್ಕದಲ್ಲಿ ಉಚ್ಚಾರಣೆಯನ್ನು ಇಂಗ್ಲಿಷ್ ಬದಲು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲು ಶುರುಮಾಡಿದ ಮೇಲೆ ನಮ್ಮ ಮಗಳಿಗೆ ಆಲಿಸುವ ವಿಭಾಗದಲ್ಲಿ ಗೊಂದಲ ಕಡಿಮೆಯಾಯಿತು. ಜಪಾನಿ ನಿಘಂಟಿನ ಅಕ್ಷರ ಕ್ರಮವೂ ನಮಗೆ ಹೊಸದಲ್ಲ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನದ ಮೂಲಕ ನಮ್ಮ ವರ್ಣಮಾಲೆಯ ಕ್ರಮ ಅಲ್ಲಿಗೆ ಹೋಗಿದೆ.

ಸ್ವಾಹಿಲಿಯೂ ಒಮ್ಮೊಮ್ಮೆ ನೆರವಿಗೆ ಬರುತ್ತದೆ. ದುಡಿದು ದಣಿದವರನ್ನು ಕಂಡಾಗ ಇಲ್ಲಿಯವರು 'ಪೋಲೆ ನಾ ಕಾಜಿ' ಎನ್ನುತ್ತಾರೆ. ಕೆಲಸ ಮಾಡಿ ದಣಿದೆಯಲ್ಲ, ಪಾಪ ಎಂಬ ಭಾವ. ಜಪಾನಿ ಆಫೀಸುಗಳಲ್ಲಿ ಸಂಜೆ ಒಬ್ಬರಿಗೊಬ್ಬರು ಹೇಳುವ 'ಒತ್ಸುಕರೆಸಮ'ಕ್ಕೆ ಇಂಗ್ಲಿಷ್‌ನಲ್ಲಿ ಸರಿಯಾದ ಪದ ಹುಡುಕಿ ಸಾಕಾದವರು, ಮಟಾಟು ಕಂಡಕ್ಟರ್‌ನಿಂದ ಅದನ್ನು ಕಲಿಯಬಹುದು.

ಉರುಹೊಡೆಯುವ ವಿದ್ಯೆ

ಹಿಂದಿನವರು ಅಮರಕೋಶ ಬಾಯಿಪಾಠ ಮಾಡುತ್ತಿದ್ದರು. ಅದರಲ್ಲೂ ಸುಮಾರು 10 ಸಾವಿರ ಪದಗಳೇ ಇವೆ, ಅದೂ ವರ್ಗ ವರ್ಗವಾಗಿ. ಇಂದಿನ ಮಕ್ಕಳು ಅದೇ ಕೆಲಸವನ್ನು ಫೋನಿನಲ್ಲಿ ಮಾಡುತ್ತಾರೆ. ಆ್ಯಂಕಿ ಎಂಬ ಆ್ಯಪ್ ಪದವನ್ನು ಇಂದು ತೋರಿಸಿ, ನೆನಪಿದ್ದರೆ ಮೂರು ದಿನದ ಮೇಲೆ, ಆಮೇಲೆ ವಾರದ ಮೇಲೆ, ತಿಂಗಳ ಮೇಲೆ ಕೇಳುತ್ತದೆ. ಮರೆತಿದ್ದರೆ ಮತ್ತೆ ಮೊದಲಿಂದ. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವುದೇ ಇದರ ಗುಟ್ಟು. ಫೋನ್ ಬೇಡವೆನ್ನುವವರು ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿ, ಐದು ಡಬ್ಬಿಗಳಲ್ಲಿ ಇಟ್ಟುಕೊಂಡರೂ ಅದೇ ಫಲ.

ಎನ್1ರಲ್ಲಿ ಬಹಳ ಮಂದಿ ಎಡವುವುದು 'ಬಳಕೆ' ಪ್ರಶ್ನೆಗಳಲ್ಲಿ. ಒಂದೇ ಪದ ಹಾಕಿದ ನಾಲ್ಕು ವಾಕ್ಯ ಕೊಟ್ಟು, ಸರಿಯಾಗಿ ಬಳಸಿದ್ದು ಯಾವುದು ಎಂದು ಕೇಳುತ್ತಾರೆ. ಅರ್ಥ ಗೊತ್ತಿದ್ದರೆ ಸಾಲದು, ಪದ ಯಾವುದರ ಜೊತೆ ಕೂಡುತ್ತದೆ ಎಂದು ತಿಳಿದಿರಬೇಕು. ಸೀರೆ ಉಡುತ್ತಾರೆ, ರವಿಕೆ ತೊಡುತ್ತಾರೆ, ಹೂ ಮುಡಿಯುತ್ತಾರೆ, ಕುಂಕುಮ ಇಡುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ಜಪಾನಿಯಲ್ಲೂ ಅಂಗಿಗೆ 'ಕಿರು', ಪ್ಯಾಂಟಿಗೂ ಚಪ್ಪಲಿಗೂ 'ಹಕು', ಟೊಪ್ಪಿಗೆ 'ಕಬುರು'.

ಇದನ್ನು ಮಗಳಿಗೆ ಹೇಳಲು ಹೊರಟಾಗಲೇ ಒಂದು ಸಂಗತಿ ನಮ್ಮ ಗಮನಕ್ಕೆ ಬಂದದ್ದು. ನೈರೋಬಿಯಲ್ಲಿ ಬೆಳೆದ ಅವಳಿಗೆ ಕನ್ನಡದಲ್ಲಿ ಇವೆಲ್ಲಕ್ಕೂ ಒಂದೇ ಪದ, 'ಹಾಕು'. ಸೀರೆ ಹಾಕ್ಕೊಂಡೆ, ಹೂ ಹಾಕ್ಕೊಂಡೆ, ಚಪ್ಪಲಿ ಹಾಕ್ಕೊಂಡೆ. ಜಪಾನಿಯಲ್ಲಿ ಮೂರು ಕ್ರಿಯಾಪದ ಬಿಡಿಸಿ ಹೇಳಬಲ್ಲವಳಿಗೆ ಉಡು, ಮುಡಿ, ಮೆಟ್ಟು ಕೇಳಿದ ನೆನಪೇ ಇರಲಿಲ್ಲ. ಒಳಹರಿವು ಎಂಬ ಕನ್ನಡ ಪದ ಅವಳಿಗೆ ಗೊತ್ತಾದದ್ದೇ ರ್ಯೂನ್ಯೂ ಕಲಿತ ಮೇಲೆ. ಊಟ, ನಿದ್ದೆ, ಸ್ನಾನ, ಬೈಗುಳ ಇಷ್ಟರ ಕನ್ನಡ ಅವಳದು. ಜಪಾನಿ ಪರೀಕ್ಷೆಯ ಲೆಕ್ಕದಲ್ಲಿ ಹೇಳುವುದಾದರೆ ಕನ್ನಡದಲ್ಲಿ ಎನ್4. ಹೊರದೇಶದಲ್ಲಿ ಬೆಳೆದ ಬಹಳಷ್ಟು ಮಕ್ಕಳ ಸ್ಥಿತಿ ಇದೇ ಎಂದು ಈ ಪುಟ ಓದುವ ಅಜ್ಜ ಅಜ್ಜಿಯರಿಗೆ ನಾವು ಹೇಳಬೇಕಾಗಿಲ್ಲ.

ಅಜ್ಜಿ ಕೊಟ್ಟ ಪದ

ಒಂದು ಭಾನುವಾರ ಅವಳ ಪುಸ್ತಕದಲ್ಲಿ 'ಮಿತೊರು' ಎಂಬ ಪದ ಬಂತು. ಕೊನೆಗಾಲದಲ್ಲಿ ಇರುವವರ ಹತ್ತಿರ ಕೂತು, ಉಸಿರು ನಿಲ್ಲುವವರೆಗೆ ನೋಡಿಕೊಳ್ಳುವುದು. ಮಿ ಎಂದರೆ ನೋಡು, ತೊರು ಎಂದರೆ ತೆಗೆದುಕೋ. ನಮ್ಮ 'ನೋಡಿಕೊಳ್ಳು' ಕೂಡ ಕಟ್ಟಿರುವುದು ಹೀಗೆಯೇ. ಆದರೆ ಮಿತೊರುವಿನ ಪೂರ್ತಿ ಅರ್ಥಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ಕೇಳಿದಳು. ನಮಗಿಬ್ಬರಿಗೂ ಒಂದೇ ಮಾತಿನಲ್ಲಿ ಹೇಳಲು ಬರಲಿಲ್ಲ. ಹಾಸನಕ್ಕೆ ಫೋನ್ ಹಚ್ಚಿ ಅಜ್ಜಿಯನ್ನೇ ಕೇಳಿದಳು. 'ಬಾಯಿಗೆ ನೀರು ಬಿಡೋದು ಅಂತೀವಿ ಕಣೇ ಪುಟ್ಟಿ. ಕೊನೇಲಿ ಬಾಯಿಗೆ ನೀರು ಬಿಡೋಕೆ ಒಬ್ಬರು ಬೇಕು ಅನ್ನಲ್ವಾ' ಎಂದರು ಅಜ್ಜಿ.

ಮಗಳು ನಿಘಂಟು ತಿರುವಿದಳು. ಜಪಾನಿಯಲ್ಲೂ 'ಶಿನಿಮಿಜು' ಎಂಬ ಮಾತಿದೆ, ಸಾಯುವಾಗಿನ ನೀರು. ಕೊನೆಗಳಿಗೆಯಲ್ಲಿ ತುಟಿ ಒದ್ದೆ ಮಾಡುವ ಪದ್ಧತಿ ಅವರಲ್ಲೂ ಇದೆ. ಆ ನೀರು ಕೊಡುವುದು ಎಂದರೆ ಕೊನೆತನಕ ನೋಡಿಕೊಳ್ಳುವುದು ಎಂದೇ ಅರ್ಥ. ಅವಳು ಖುಷಿಯಿಂದ ಓದಿ ಹೇಳಿದಳು. ಈ ಕಡೆ ನಾವು ಸುಮ್ಮನಿದ್ದೆವು. ಐದು ಸಾವಿರ ಕಿಲೋಮೀಟರ್ ಆಚೆ ತಾಯಿಯನ್ನು ಬಿಟ್ಟು ಬಂದವರಿಗೆ ಆ ಪದ ಬರಿ ಪರೀಕ್ಷೆಯ ಪದವಲ್ಲ.

ಅಂದಿನಿಂದ ಒಂದು ರೂಢಿ ಬೆಳೆದಿದೆ. ಭಾನುವಾರ ನೈರೋಬಿಯಲ್ಲಿ ಬೆಳಗ್ಗೆ 7 ಗಂಟೆ, ಹಾಸನದಲ್ಲಿ ಒಂಬತ್ತೂವರೆ. ಅಜ್ಜಿ ತಿಂಡಿ ಮುಗಿಸಿ ಪತ್ರಿಕೆಯ ಒಂದು ಸುದ್ದಿ ಓದುತ್ತಾರೆ. ಮೊಮ್ಮಗಳು ಗೊತ್ತಿಲ್ಲದ ಕನ್ನಡ ಪದಗಳನ್ನು ಬರೆದುಕೊಂಡು, ಪಕ್ಕದಲ್ಲಿ ಜಪಾನಿ ಪದ ಬರೆಯುತ್ತಾಳೆ. ಮುಂಗಡಪತ್ರ, ವರ್ಗಾವಣೆ, ತನಿಖೆ, ಪರಿಹಾರ, ಮುನ್ಸೂಚನೆ. ಎನ್1 ಕೇಳುವುದೂ ಇದೇ ಜಗತ್ತಿನ ಪದಗಳನ್ನು. 'ಚೆನ್ನಾಗಿದ್ದೀಯಾ, ಊಟ ಆಯ್ತಾ' ಎಂದು ಎರಡು ನಿಮಿಷಕ್ಕೆ ಮುಗಿಯುತ್ತಿದ್ದ ಫೋನು ಈಗ ಮುಕ್ಕಾಲು ಗಂಟೆ ನಡೆಯುತ್ತದೆ.

ಬರೆಯುವವರ ಗಮನಕ್ಕೆ

ಪರೀಕ್ಷೆ ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ನೈರೋಬಿಯಲ್ಲಿ ಡಿಸೆಂಬರ್‌ನಲ್ಲಿ ಮಾತ್ರ. ತಪ್ಪಿದರೆ ವರ್ಷ ಕಾಯಬೇಕು, ಇಲ್ಲವೇ ರಜೆಗೆ ಊರಿಗೆ ಬಂದಾಗ ಜುಲೈನಲ್ಲಿ ಬೆಂಗಳೂರಿನಲ್ಲಿ ಬರೆಯಬೇಕು. ಅರ್ಜಿ ಕೆಲವು ತಿಂಗಳ ಮೊದಲೇ ಮುಗಿಯುತ್ತದೆ, ದಿನಾಂಕವನ್ನು ಆಯಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಿ.

ಎಲ್ಲರಿಗೂ ಎನ್1 ಬೇಕಿಲ್ಲ. 2019ರಲ್ಲಿ ಜಪಾನ್ ಶುರುಮಾಡಿದ ನಿರ್ದಿಷ್ಟ ಕೌಶಲದ ಕೆಲಸಗಾರರ ವೀಸಾದ ಮೊದಲ ಹಂತಕ್ಕೆ ಹೆಚ್ಚಿನ ಕ್ಷೇತ್ರಗಳಲ್ಲಿ ಭಾಷೆಯಲ್ಲಿ ಎನ್4 ಅಥವಾ ಅದಕ್ಕೆ ಸಮನಾದ ಇನ್ನೊಂದು ಪರೀಕ್ಷೆ ಸಾಕು, ಜೊತೆಗೆ ಆ ಕೆಲಸದ ಕೌಶಲ ಪರೀಕ್ಷೆ ಇರುತ್ತದೆ. ಆಫೀಸು ಕೆಲಸಗಳಿಗೆ ಹೆಚ್ಚಾಗಿ ಎನ್2 ಕೇಳುತ್ತಾರೆ. ಉನ್ನತ ಕೌಶಲದವರ ವೀಸಾಗೆ ಬೇಕಾದ 70 ಅಂಕಗಳಲ್ಲಿ ಎನ್1ಕ್ಕೆ 15, ಎನ್2ಕ್ಕೆ 10 ಸಿಗುತ್ತದೆ. ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಆದರೆ ಪ್ರಮಾಣಪತ್ರವೇ ಕೆಲಸವಲ್ಲ, ವೀಸಾವೂ ಅಲ್ಲ. ಪಾಸು ಮಾಡಿಸಿ ಜಪಾನಿಗೆ ಕಳಿಸುತ್ತೇವೆ ಎಂದು ಮುಂಗಡ ಕೇಳುವವರ ಕೈಗೆ ದುಡ್ಡು ಕೊಡಬೇಡಿ. ಮಾತಾಡುವುದನ್ನು ಈ ಪರೀಕ್ಷೆ ಅಳೆಯುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿಯೇ ರೂಢಿಸಿಕೊಳ್ಳಬೇಕು.

ಊರಿನಲ್ಲಿರುವ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮೊಮ್ಮಕ್ಕಳು ಯಾವ ದೇಶದಲ್ಲೇ ಇರಲಿ, ಯಾವ ಭಾಷೆಯ ಪರೀಕ್ಷೆಗೇ ಓದುತ್ತಿರಲಿ, ವಾರಕ್ಕೊಂದು ಸುದ್ದಿ ಅವರಿಗೆ ಓದಿ ಹೇಳಿ. ಅರ್ಥವಾಗದಿದ್ದರೆ ಇಂಗ್ಲಿಷಿಗೆ ಇಳಿಯಬೇಡಿ, ಇನ್ನೊಂದು ಕನ್ನಡ ಪದದಲ್ಲಿ ಬಿಡಿಸಿ ಹೇಳಿ. ಜಪಾನಿಗೆ ಪುಸ್ತಕವಿದೆ, ಆ್ಯಪ್ ಇದೆ, ಪರೀಕ್ಷೆಯೂ ಇದೆ. ಈ ಮಕ್ಕಳ ಕನ್ನಡಕ್ಕೆ ಇರುವುದು ನಿಮ್ಮ ಫೋನ್ ಮಾತ್ರ.